ಹೆಸರಿನಲ್ಲಿ ಉಳಿದ ಮದ್ದು: ಕೋಲಾರ ಚಿನ್ನದ ಗಣಿ ಸೀಮೆಯ ಔಷಧಿ ಸಸ್ಯನಾಮಗಳ ಚರಿತ್ರೆ

ಸಾರಾಂಶ

ಕೋಲಾರ ಚಿನ್ನದ ಗಣಿ ಪ್ರದೇಶವು ಕನ್ನಡ, ತೆಲುಗು, ತಮಿಳು ಮತ್ತು ದಖನಿ ಉರ್ದು ನುಡಿಗಳು ಕೂಡುವ ಸೀಮೆ. ಇಲ್ಲಿನ ಗ್ರಾಮೀಣ ಹಾಗೂ ಬುಡಕಟ್ಟು ಸಮುದಾಯಗಳ ಔಷಧಿ ಸಸ್ಯಜ್ಞಾನದ ಬಹುಪಾಲು ಗ್ರಂಥರೂಪಕ್ಕೆ ಬಂದಿಲ್ಲ. ಆದರೆ ಆ ಜ್ಞಾನದ ಚರಿತ್ರೆಯ ಒಂದು ಭಾಗವನ್ನು ಸಸ್ಯನಾಮಗಳು ತಮ್ಮೊಳಗೆ ಇರಿಸಿಕೊಂಡಿವೆ. ನುಡಿಮೂಲ, ನೆರೆನುಡಿಯ ಕೊಡುಕೊಳೆ, ಭಾಷಾಂತರ ಮತ್ತು ಹೊಸ ಪದರಚನೆ ಎಂಬ ನಾಲ್ಕು ದಾರಿಗಳಲ್ಲಿ ಈ ಹೆಸರುಗಳು ರೂಪುಗೊಂಡ ಬಗೆಯನ್ನು ಪ್ರಸ್ತುತ ಲೇಖನ ಪರಿಶೀಲಿಸುತ್ತದೆ. ಆಡುನುಡಿಯ ಹೆಸರನ್ನು ಬಿಟ್ಟು ಸಂಸ್ಕೃತ ಅಥವಾ ಲ್ಯಾಟಿನ್ ಹೆಸರನ್ನಷ್ಟೇ ದಾಖಲಿಸಿದರೆ, ಜ್ಞಾನದ ಒಡೆತನಕ್ಕಿರುವ ಸಾಕ್ಷ್ಯವೇ ಅಳಿಸಿಹೋಗುತ್ತದೆ ಎಂಬುದು ನಮ್ಮ ವಾದ.

ಪ್ರಮುಖ ಪದಗಳು: ಸಸ್ಯನಾಮ, ದ್ವಿಭಾಷಿಕತೆ, ಜನಪದ ನಿರುಕ್ತಿ, ಭಾಷಾಂತರ ಪದ, ಕೋಲಾರ ಚಿನ್ನದ ಗಣಿ, ಪಾರಂಪರಿಕ ಜ್ಞಾನ

1. ಪೀಠಿಕೆ

1802ರಲ್ಲಿ ಮೈಸೂರು ಸಂಸ್ಥಾನದ ಪೂರ್ವದ ಗಡಿಯ ಅಳತೆಗೆ ಬಂದಿದ್ದ ಲೆಫ್ಟಿನೆಂಟ್ ಜಾನ್ ವಾರೆನ್ ಅವರಿಗೆ ಊರಿಗಾಂ, ಮಾರಿಕುಪ್ಪಂ ಸುತ್ತಿನ ನೆಲದಲ್ಲಿ ಚಿನ್ನವಿದೆ ಎಂಬ ಸುದ್ದಿ ತಲುಪಿತು. ಹಳ್ಳಿಯವರು ಮಣ್ಣು ತಂದು, ತೊಳೆದು, ಚಿನ್ನದ ಕಣಗಳನ್ನು ಬೇರ್ಪಡಿಸಿ ತೋರಿಸಿದರು. ವಾರೆನ್ ಅವರ ವರದಿ 1834ರಲ್ಲಿ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. 1870ರ ದಶಕದಲ್ಲಿ ಮೈಕೇಲ್ ಲವೆಲ್ ಅವರು ಶೋಧನೆಯ ಪರವಾನಗಿ ಪಡೆದರು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಇಲ್ಲಿಗೆ ಬಂತು. ಮುಂದಿನ ಕಥೆ ಸುಪರಿಚಿತ.

ಅಷ್ಟು ಸುಪರಿಚಿತವಲ್ಲದ ಸಂಗತಿ ಇನ್ನೊಂದಿದೆ. ಮಣ್ಣಿನಲ್ಲಿ ಚಿನ್ನ ಗುರುತಿಸುತ್ತಿದ್ದ ಸಮುದಾಯಗಳೇ ಅದೇ ಮಣ್ಣಿನ ಮೇಲೆ ಬೆಳೆಯುವ ಗಿಡ, ಬಳ್ಳಿ, ಬೇರುಗಳ ಗುಣವನ್ನೂ ಬಲ್ಲವರಾಗಿದ್ದರು. ಒಂದು ತಿಳಿವಳಿಕೆಗೆ ಬೆಲೆ ಬಂತು; ಅದು ದಾಖಲೆಗೆ ಸೇರಿತು, ಬೇರೆಯವರ ಹೆಸರಿನಲ್ಲಿಯಾದರೂ. ಇನ್ನೊಂದು ತಿಳಿವಳಿಕೆ ಬಾಯಿಂದ ಬಾಯಿಗೆ ಸಾಗುತ್ತಲೇ ಉಳಿಯಿತು. ಅದರ ಚರಿತ್ರೆಯನ್ನು ಬರೆಯಲು ಕಡತಗಳ ನೆರವು ಕಡಿಮೆ. ಹಾಗಾಗಿ ನಾವು ಸಸ್ಯಗಳ ಹೆಸರುಗಳನ್ನೇ ಆಕರವಾಗಿ ತೆಗೆದುಕೊಳ್ಳುತ್ತೇವೆ.

2. ಸೀಮೆ ಮತ್ತು ಅದರ ನುಡಿಗಳು

ಕೋಲಾರ ಜಿಲ್ಲೆಯು ಮೈಸೂರು ಪ್ರಸ್ಥಭೂಮಿಯ ಪೂರ್ವದ ಅಂಚಿನಲ್ಲಿದೆ. ವರ್ಷವಿಡೀ ಹರಿಯುವ ನದಿ ಇಲ್ಲಿಲ್ಲ; ಕೆರೆಗಳೇ ಆಧಾರ. ಬೇತಮಂಗಲದ ಬಳಿ ಹಾದು ಹೋಗುವ ಪಾಲಾರ್ ಕೆಳಗಿಳಿದು ಆಂಧ್ರದ ಮೂಲಕ ತಮಿಳುನಾಡನ್ನು ಸೇರುತ್ತದೆ. ತಂಗಡಿ, ಬಂದರಿಕೆ, ಎಕ್ಕ, ಲಕ್ಕಿಯಂತಹ ಒಣನೆಲದ ಗಿಡಗಳು ಈ ಸೀಮೆಯ ಸಾಮಾನ್ಯ ಸಸ್ಯಸಂಪತ್ತು. ಗಡಿ ಬಹಳ ಹತ್ತಿರ: ಪೂರ್ವಕ್ಕೆ ಚಿತ್ತೂರು ಸೀಮೆ, ದಕ್ಷಿಣಕ್ಕೆ ಕೃಷ್ಣಗಿರಿ. ಹಳ್ಳಿಗಳಲ್ಲಿ ಕನ್ನಡ ಮತ್ತು ತೆಲುಗು ಮೊದಲಿನಿಂದಲೂ ಒಂದೇ ಮನೆಯಲ್ಲಿ ಬಾಳಿದ ನುಡಿಗಳು. ಗಣಿ ತೆರೆದ ಮೇಲೆ ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಗಳಿಂದ ಕೂಲಿಗಳು ಬಂದರು. ಅವರಲ್ಲಿ ಹೆಚ್ಚಿನವರು ತಮಿಳು ಮಾತಾಡುವ ದಲಿತ ಸಮುದಾಯದವರು. ಗಣಿಗಳ ಮಗ್ಗುಲಲ್ಲಿ ಬೆಳೆದ ಪೇಟೆಗೆ ಮೈಸೂರಿನ ರೆಸಿಡೆಂಟರಾಗಿದ್ದ ಡೊನಾಲ್ಡ್ ರಾಬರ್ಟ್‌ಸನ್ ಅವರ ಹೆಸರು ಬಂತು. ಕನ್ನಡ, ತಮಿಳು, ತೆಲುಗು, ದಖನಿ ಉರ್ದು ಈ ನಾಲ್ಕೂ ರಾಬರ್ಟ್‌ಸನ್‌ಪೇಟೆಯ ವ್ಯವಹಾರದ ನುಡಿಗಳಾದವು.

ಸಸ್ಯಜ್ಞಾನದ ದೃಷ್ಟಿಯಿಂದ ಇನ್ನೂ ಕೆಲವು ಸಮುದಾಯಗಳನ್ನು ಇಲ್ಲಿ ನೆನೆಯಬೇಕು. ನೆರೆಯ ಚಿತ್ತೂರು ಸೀಮೆಯ ಯಾನಾದಿಗಳು ವಿಷಹಾರಿ ಮೂಲಿಕೆಗಳ ತಿಳಿವಳಿಕೆಗೆ ಹೆಸರಾದವರು. ಅವರ ನುಡಿ ತೆಲುಗು. ಅಲೆಮಾರಿಗಳಾಗಿದ್ದ ಕೊರಚ, ಕೊರಮರ ಮನೆಮಾತು ತಮಿಳಿಗೆ ಹತ್ತಿರವಾದದ್ದು. ಮೂಲಿಕೆ, ತೈಲಗಳನ್ನು ಮಾರುತ್ತ ದೂರ ದೇಶಗಳಿಗೂ ಹೋಗುವ ಹಕ್ಕಿಪಿಕ್ಕಿಗಳ ವಾಗ್ರಿ ನುಡಿ ಇಂಡೋ-ಆರ್ಯನ್ ಬಳಗಕ್ಕೆ ಸೇರಿದೆ. ಅವರನ್ನು ನಾವು ಕರೆಯುವ ಹೆಸರು ಮಾತ್ರ ಕನ್ನಡದ್ದು.

ಇಷ್ಟು ದಟ್ಟವಾದ ನುಡಿಬೆರಕೆ ಇದ್ದರೂ ಅದರ ಸಮೀಕ್ಷೆ ಸಕಾಲದಲ್ಲಿ ನಡೆಯಲಿಲ್ಲ. ಗ್ರಿಯರ್ಸನ್ ಅವರ ಭಾರತೀಯ ಭಾಷಾ ಸರ್ವೇಕ್ಷಣೆಯ ವ್ಯಾಪ್ತಿಯಿಂದ ಮದರಾಸು ಪ್ರಾಂತ್ಯ, ಹೈದರಾಬಾದು ಮತ್ತು ಮೈಸೂರು ಸಂಸ್ಥಾನಗಳು ಹೊರಗುಳಿದಿದ್ದವು. ಗಣಿಗಳು ತಮ್ಮ ಉಚ್ಛ್ರಾಯದಲ್ಲಿದ್ದ ಕಾಲದಲ್ಲಿ ಅಲ್ಲಿನ ಆಡುಮಾತುಗಳ ಮಾದರಿಗಳನ್ನು ಆ ಸರ್ವೇಕ್ಷಣೆ ಸಂಗ್ರಹಿಸಲಿಲ್ಲ.

3. ಹೆಸರುಗಳ ನಾಲ್ಕು ದಾರಿಗಳು

3.1 ಮೂಲದ ಪದರ

ಮೊದಲಿಗೆ 'ಮದ್ದು' ಎಂಬ ಪದವನ್ನೇ ನೋಡೋಣ. ತಮಿಳಿನ ಮರುಂದು, ತೆಲುಗಿನ ಮಂದು, ಹಳಗನ್ನಡದ ಮರ್ದು ಒಂದೇ ಮೂಲದವು. ಕನ್ನಡದಲ್ಲಿ ವ್ಯಂಜನದ ಹಿಂದಿನ ರಕಾರ ಲೋಪವಾಗಿ, ಮುಂದಿನ ವ್ಯಂಜನ ದ್ವಿತ್ವಗೊಂಡು, ಮರ್ದು ಎಂಬುದು ಮದ್ದು ಆಯಿತು. ಮೂರೂ ನುಡಿಗಳಲ್ಲಿ ಈ ಪದಕ್ಕೆ ಔಷಧಿ ಎಂಬ ಅರ್ಥದೊಡನೆ ಸಿಡಿಮದ್ದು ಎಂಬ ಅರ್ಥವೂ ಇದೆ. ಬಂಡೆ ಸಿಡಿಸುವ ಪುಡಿ ಮತ್ತು ಬಂಡೆಯ ಧೂಳಿನಿಂದ ಬಂದ ಕೆಮ್ಮಿಗೆ ಕುಡಿಯುವ ಕಷಾಯ ಎರಡಕ್ಕೂ ಒಂದೇ ಪದ ಸಲ್ಲುವ ಸ್ಥಿತಿ ಗಣಿಯ ಸೀಮೆಯಲ್ಲಿತ್ತು. ಕನ್ನಡದಲ್ಲಿ 'ಮದ್ದು ಹಾಕು' ಎಂದರೆ ವಿಷವಿಕ್ಕು ಎಂದೂ ಆಗುತ್ತದೆ. ಗುಣಪಡಿಸುವುದು ಪ್ರಮಾಣ ತಪ್ಪಿದರೆ ಕೊಲ್ಲಲೂಬಹುದು ಎಂಬ ಎಚ್ಚರ ಈ ಪದದ ಅರ್ಥವ್ಯಾಪ್ತಿಯಲ್ಲಿಯೇ ಇದೆ.

ಬೇರು ಮತ್ತು ಬೇವುಗಳ ಸಾಕ್ಷ್ಯವೂ ಇದೇ ಬಗೆಯದು. ತಮಿಳಿನ ವೇರ್, ತೆಲುಗಿನ ವೇರು, ಕನ್ನಡದ ಬೇರು. ತಮಿಳಿನ ವೇಂಬು, ತೆಲುಗಿನ ವೇಪ, ಕನ್ನಡದ ಬೇವು. ಪದಾದಿಯ ವಕಾರ ಕನ್ನಡದಲ್ಲಿ ಬಕಾರವಾಗುವುದು ನಿಯತವಾದ ಧ್ವನಿವ್ಯತ್ಯಾಸ. ತುಂಬೆಯು ತಮಿಳಿನಲ್ಲಿ ತುಂಬೈ, ತೆಲುಗಿನಲ್ಲಿ ತುಮ್ಮಿ. ಒಂದು ನುಡಿ ಇನ್ನೊಂದರಿಂದ ಎರವಲು ಪಡೆದ ಪದಗಳು ಇವಲ್ಲ. ನುಡಿಗಳು ಬೇರ್ಪಡುವ ಮುನ್ನವೇ ಈ ಗಿಡಗಳಿಗೆ ಹೆಸರಿತ್ತು ಎಂಬುದನ್ನು ಇವು ತೋರಿಸುತ್ತವೆ. ಆದರೆ ಹೆಸರು ಹಳೆಯದಾದ ಮಾತ್ರಕ್ಕೆ ಔಷಧೀಯ ಬಳಕೆಯೂ ಅಷ್ಟೇ ಹಳೆಯದೆಂದು ಹೇಳಲಾಗದು. ಗಿಡದ ಪರಿಚಯ ಹಳೆಯದೆಂದಷ್ಟೇ ಹೇಳಬಹುದು.

3.2 ನೆರೆನುಡಿಯ ಕೊಡುಕೊಳೆ

ಹಳದಿ ಹೂವಿನ ಒಂದು ಪೊದೆ ಕೋಲಾರದ ಬಯಲಿನಲ್ಲೆಲ್ಲ ಕಾಣುತ್ತದೆ. ಸಸ್ಯಶಾಸ್ತ್ರದಲ್ಲಿ ಅದು ಸೆನ್ನಾ ಆರಿಕ್ಯುಲೇಟ. ತೆಲುಗರು ಅದನ್ನು ತಂಗೇಡು ಎನ್ನುತ್ತಾರೆ. ತಮಿಳರು ಆವಾರೈ ಎನ್ನುತ್ತಾರೆ. ಕನ್ನಡದಲ್ಲಿ ತಂಗಡಿ, ಆವರಿಕೆ ಎರಡೂ ಇವೆ. ಉರ್ದು ಮಾತಾಡುವವರಿಗೆ ಅದು ತರ್ವಾರ್. ಕನ್ನಡವು ಎರಡೂ ಕಡೆಯ ಹೆಸರನ್ನು ಉಳಿಸಿಕೊಂಡಿರುವುದು ಆ ಗಿಡದ ಎರಡೂ ಕಡೆಯ ಬಳಕೆಯೊಡನೆ ಅದಕ್ಕಿದ್ದ ಪರಿಚಯವನ್ನು ಸೂಚಿಸುತ್ತದೆ. ಈ ಗಿಡದ ತೊಗಟೆ ದಕ್ಷಿಣ ಭಾರತದಲ್ಲಿ ಚರ್ಮ ಹದಮಾಡುವ ಮುಖ್ಯ ಸಾಮಗ್ರಿಯಾಗಿತ್ತು. ಪಾಲಾರ್ ಕಣಿವೆಯ ವಾಣಿಯಂಬಾಡಿ, ಆಂಬೂರುಗಳು ಇಂದಿಗೂ ಚರ್ಮೋದ್ಯಮದ ಊರುಗಳು. ಅದೇ ಗಿಡದ ಹೂವನ್ನು ಮಧುಮೇಹಕ್ಕೆ ಕಷಾಯವಾಗಿ ಬಳಸುವ ಪದ್ಧತಿ ತಮಿಳರ ಸಿದ್ಧವೈದ್ಯದಲ್ಲಿದೆ. ತೊಗಟೆ ಸುಲಿದು ಮಾರುವ ಬಡವರು, ಹೂ ಒಣಗಿಸಿ ಕಾಯಿಸುವ ಮನೆಯವರು, ಗಿಡದ ಮೇಲಿನ ಇಂತಹ ಅವಲಂಬನೆಗಳ ಜಾಡಿನಲ್ಲಿಯೇ ಹೆಸರುಗಳೂ ಸಾಗುತ್ತವೆ.

ಉತ್ತರಾಣಿಯ ಕಥೆ ಸ್ವಲ್ಪ ಬೇರೆ. ಕನ್ನಡದ ಉತ್ತರಾಣಿಗೂ ತೆಲುಗಿನ ಉತ್ತರೇಣಿಗೂ ಹೆಚ್ಚು ಅಂತರವಿಲ್ಲ. ತಮಿಳರು ಅದನ್ನು ನಾಯುರುವಿ ಎಂದು ಪ್ರತ್ಯೇಕವಾಗಿ ಕರೆಯುತ್ತಾರೆ. ಕನ್ನಡದ ಅಮೃತಬಳ್ಳಿಯಾದರೋ ಸಂಸ್ಕೃತದ 'ಅಮೃತಾ' ಎಂಬ ಹೆಸರಿನ ಜೊತೆ ನಿಲ್ಲುತ್ತದೆ. ತಮಿಳಿನ ಸೀಂದಿಲ್, ತೆಲುಗಿನ ತಿಪ್ಪತೀಗಗಳಿಗೂ ಅದಕ್ಕೂ ರೂಪದ ನಂಟಿಲ್ಲ. ಹೀಗೆ ಒಂದೊಂದು ಗಿಡದ ಹೆಸರಿನ ಗಡಿ ಒಂದೊಂದು ಬಗೆಯದು. ಆಡಳಿತದ ಗಡಿಯೊಡನೆ ಅದು ಹೊಂದುವುದಿಲ್ಲ.

3.3 ಭಾಷಾಂತರ ಮತ್ತು ಜನಪದ ನಿರುಕ್ತಿ

ಕಾಮಾಲೆಗೆ ಕೊಡುವ ಮದ್ದಾಗಿ ನೆಲನೆಲ್ಲಿಯು ಈ ಸೀಮೆಯ ನಾಲ್ಕೂ ನುಡಿಗಳವರಿಗೆ ಪರಿಚಿತ. ಕನ್ನಡದ ನೆಲನೆಲ್ಲಿ, ತೆಲುಗಿನ ನೇಲ ಉಸಿರಿ, ಸಂಸ್ಕೃತದ ಭೂಮ್ಯಾಮಲಕಿ, ಉತ್ತರದ ಭುಯಿ ಆಮ್ಲಾ ಇವೆಲ್ಲವೂ ಒಂದೇ ಅಚ್ಚಿನಲ್ಲಿ ಎರಕಗೊಂಡ ಪದಗಳು. ನೆಲ್ಲಿ, ಉಸಿರಿ, ಆಮಲಕ ಎಂಬ ಬೇರೆ ಬೇರೆ ಮೂಲದ ಪದಗಳ ಹಿಂದೆ 'ನೆಲ' ಎಂಬ ವಿಶೇಷಣ ಬಂದು ಕೂತಿದೆ. ಇದು ಪದದ ಎರವಲಲ್ಲ, ಪರಿಕಲ್ಪನೆಯ ಎರವಲು. ಯಾವ ನುಡಿ ಮೊದಲು ಈ ಹೋಲಿಕೆಯನ್ನು ಕಂಡಿತೆಂದು ಹೆಸರಿನ ರಚನೆಯಿಂದಷ್ಟೇ ನಿರ್ಧರಿಸಲಾಗದು. ಸಂಸ್ಕೃತ ಗ್ರಂಥದಲ್ಲಿದೆ ಎಂಬ ಕಾರಣಕ್ಕೆ ಅದೇ ಮೂಲ, ಉಳಿದವು ಅನುವಾದ ಎಂದು ಊಹಿಸುವ ರೂಢಿಯನ್ನು ನಾವು ಒಪ್ಪುವುದಿಲ್ಲ.

ತಮಿಳಿನ ಕೀಳಾನೆಲ್ಲಿ ಇಲ್ಲಿ ವಿಶೇಷ ಗಮನಕ್ಕೆ ಅರ್ಹ. ಎಲೆಯ ಅಡಿಯಲ್ಲಿ ಕಾಯಿ ಬಿಡುವುದೆಂಬುದು ಅದಕ್ಕೆ ಸಾಮಾನ್ಯವಾಗಿ ಹೇಳುವ ಅರ್ಥ. ಇದಕ್ಕೆ ಎದುರಾಗಿ ಮೇಲಾನೆಲ್ಲಿ ಎಂಬ ಇನ್ನೊಂದು ಗಿಡದ ಹೆಸರೂ ಆ ನುಡಿಯಲ್ಲಿದೆ. ಹೋಲುವ ಎರಡು ಗಿಡಗಳನ್ನು ಬಿಡಿಸುವ ಗುರುತು ಹೆಸರಿನಲ್ಲಿಯೇ ಅಡಕವಾಗಿದೆ. ಲ್ಯಾಟಿನ್ ಹೆಸರಿನ ಸ್ಥಿತಿಯಾದರೂ ಇಲ್ಲಿ ಅಷ್ಟು ಖಚಿತವಾಗಿರಲಿಲ್ಲ. ಭಾರತದ ಸಸ್ಯಗ್ರಂಥಗಳು ಬಹುಕಾಲ ಇದನ್ನು ಫಿಲ್ಯಾಂಥಸ್ ನಿರೂರಿ ಎಂದು ಬರೆದವು; ಆ ಹೆಸರಿನಡಿ ಒಂದಕ್ಕಿಂತ ಹೆಚ್ಚು ಪ್ರಭೇದಗಳು ಬೆರೆತಿದ್ದವೆಂದೂ ನಿಜವಾದ ನಿರೂರಿ ಅಮೆರಿಕದ ಸಸ್ಯವೆಂದೂ 1985ರ ಹೊತ್ತಿಗೆ ಭಾರತೀಯ ಸಸ್ಯಶಾಸ್ತ್ರಜ್ಞರು ತೋರಿಸಿಕೊಟ್ಟರು.

ಆಡುಸೋಗೆಯಲ್ಲಿ ಇನ್ನೊಂದು ಪ್ರಕ್ರಿಯೆ ಕಾಣುತ್ತದೆ. ಸಂಸ್ಕೃತದ ಆಟರೂಷ, ಹಿಂದಿಯ ಅಡೂಸಾ, ಮರಾಠಿಯ ಅಡುಳಸಾ, ತೆಲುಗಿನ ಅಡ್ಡಸರಂ ಒಂದು ಸಾಲಿನವು. ಕನ್ನಡಿಗರ ಕಿವಿಯಲ್ಲಿ ಇದೇ ಸಾಲಿನ ರೂಪವೊಂದು 'ಆಡು' ಮತ್ತು 'ಸೋಗೆ' ಎಂಬ ಪರಿಚಿತ ಪದಗಳಾಗಿ ಮರುಹುಟ್ಟು ಪಡೆದಿರುವ ಸಾಧ್ಯತೆ ಬಲವಾಗಿದೆ. ತಮಿಳರು ಅದನ್ನೇ ಆಡಾತೋಡೈ ಎನ್ನುತ್ತಾರೆ. ಆಡು ಮುಟ್ಟದ ಗಿಡವೆಂಬ ವಿವರಣೆಯನ್ನೂ ಕೊಡುತ್ತಾರೆ. 1753ರಲ್ಲಿ ಲಿನೇಯಸ್ ಈ ಗಿಡಕ್ಕೆ ಜಸ್ಟಿಸಿಯಾ ಅಧತೋಡ ಎಂದು ಹೆಸರಿಟ್ಟಾಗ ದಕ್ಷಿಣದ ಆಡುನುಡಿಯ ಪದವೇ ಲ್ಯಾಟಿನ್ ವೇಷ ಧರಿಸಿತು. ಜನಪದ ನಿರುಕ್ತಿ ಎಂದು ಇಂತಹ ರೂಪಗಳನ್ನು ಕಡೆಗಣಿಸುವವರು ಈ ಸೀಮೆಯ ಒಂದು ಊರಿನ ಹೆಸರನ್ನು ನೆನೆಯಬಹುದು. ಕಮಿಷನರ್ ಬೌರಿಂಗ್ ಅವರ ಹೆಸರಿನ ಬೌರಿಂಗ್‌ಪೇಟೆ ಇಂದು ಬಂಗಾರಪೇಟೆಯಾಗಿದೆ. ಅಪರಿಚಿತ ಧ್ವನಿಯಲ್ಲಿ ಪರಿಚಿತ ಅರ್ಥವನ್ನು ಕಾಣುವುದು ಸಮುದಾಯಗಳು ಪದವನ್ನು ತಮ್ಮದಾಗಿಸಿಕೊಳ್ಳುವ ವಿಧಾನ.

3.4 ಹೊಸ ಗಿಡ, ಹೊಸ ಹೆಸರು

ಮುಟ್ಟಿದರೆ ಮುನಿ ಅಮೆರಿಕ ಖಂಡದಿಂದ ಬಂದ ಸಸ್ಯ. ಆದ್ದರಿಂದ ಈ ಹೆಸರು ಹುಟ್ಟಿದ್ದು ಯುರೋಪಿಯನ್ನರ ಸಮುದ್ರಯಾನಗಳ ನಂತರವೇ. ತಮಿಳಿನ ತೊಟ್ಟಾಲ್ ಸಿಣುಂಗಿಯ ಭಾವವೂ ಇದೇ. ಹೊರಗಿನಿಂದ ಬಂದ ಗಿಡವನ್ನು ಕೆಲವೇ ತಲೆಮಾರುಗಳಲ್ಲಿ ಗಮನಿಸಿ, ಹೆಸರಿಟ್ಟು, ಗಾಯ ಮತ್ತು ಮೂಲವ್ಯಾಧಿಗೆ ಬಳಸುವಷ್ಟು ಈ ಜ್ಞಾನ ಚಲನಶೀಲವಾಗಿತ್ತು. 'ಪಾರಂಪರಿಕ' ಎಂಬ ಪದ ಸೂಚಿಸುವ ಜಡತೆಗೆ ಇದು ತಕ್ಕ ಉತ್ತರ. ಗಣಿಯ ಸುತ್ತ ಇಂದು ಹಬ್ಬಿರುವ ಬಳ್ಳಾರಿ ಜಾಲಿಯೂ ಅಮೆರಿಕದ್ದೇ. ಜನರು ಅದರ ಹೆಸರಿನಲ್ಲಿ ಗುಣವನ್ನು ಹೇಳದೆ, ಅದು ಬಂತೆಂದು ತಾವು ಭಾವಿಸಿದ ಊರನ್ನು ಮಾತ್ರ ಹೇಳಿದ್ದಾರೆ.

4. ಬರೆದಿಟ್ಟವರು, ಬರೆಯದೆ ಬಿಟ್ಟದ್ದು

ಕನ್ನಡದಲ್ಲಿ ವೈದ್ಯವನ್ನು ಬರೆದಿಡುವ ಪರಂಪರೆ ದೀರ್ಘವಾದದ್ದು. ಸುಮಾರು 1025ರ ಎರಡನೆಯ ಚಾವುಂಡರಾಯನ 'ಲೋಕೋಪಕಾರ', 12ನೆಯ ಶತಮಾನದ ಆದಿಯ ಕೀರ್ತಿವರ್ಮನ 'ಗೋವೈದ್ಯ', 14ನೆಯ ಶತಮಾನದ ಮಂಗರಾಜನ ವಿಷವೈದ್ಯ ಗ್ರಂಥ 'ಖಗೇಂದ್ರಮಣಿದರ್ಪಣ' ಮುಖ್ಯ ನಿದರ್ಶನಗಳು. ಸಂಸ್ಕೃತದ ಔಷಧಿನಾಮಗಳಿಗೆ ಕನ್ನಡದ ಅರ್ಥ ಕೊಡುವ ನಿಘಂಟುಗಳೂ ರಚನೆಯಾದವು. ಗ್ರಂಥದ ಹೆಸರು ಮತ್ತು ಕಾಡಿನ ಹೆಸರು ಒಂದೇ ಅಲ್ಲ, ಅವುಗಳ ನಡುವೆ ಸೇತುವೆ ಬೇಕು ಎಂಬ ಅರಿವು ಆ ನಿಘಂಟುಕಾರರಿಗಿತ್ತು. ಆದರೆ ಸೇತುವೆ ಬಹುಮಟ್ಟಿಗೆ ಒಂದೇ ದಿಕ್ಕಿನದು. ಸಂಸ್ಕೃತದಲ್ಲಿ ಇಲ್ಲದ, ಗೊಲ್ಲರೋ ಬೇಡರೋ ಮಾತ್ರ ಬಲ್ಲ ಗಿಡಕ್ಕೆ ಅಂತಹ ನಿಘಂಟಿನಲ್ಲಿ ಜಾಗವಿರಲು ಸಾಧ್ಯವಿಲ್ಲ.

ವಸಾಹತು ಕಾಲದ ದಾಖಲೆಗಳಿಗೆ ಇನ್ನೊಂದು ಮಿತಿ. ಮದರಾಸಿನಿಂದ ಘಟ್ಟ ಹತ್ತಿ ಬೆಂಗಳೂರಿಗೆ ಬಂದ ಫ್ರಾನ್ಸಿಸ್ ಬುಕಾನನ್ 1800-01ರ ತಮ್ಮ ಪ್ರವಾಸದಲ್ಲಿ ಸ್ಥಳೀಯ ಸಸ್ಯನಾಮಗಳನ್ನು ಶ್ರದ್ಧೆಯಿಂದ ಬರೆದುಕೊಂಡರು; 1807ರಲ್ಲಿ ಅದು ಮೂರು ಸಂಪುಟಗಳಾಗಿ ಪ್ರಕಟವಾಯಿತು. ಲಾಲ್‌ಬಾಗಿನ ಜೆ. ಕ್ಯಾಮರಾನ್ ಮೈಸೂರು, ಕೊಡಗಿನ ಕಾಡುಮರಗಳ ಪಟ್ಟಿ ಮಾಡಿದರು. 1894ರ ಕಿಟೆಲ್ ನಿಘಂಟು ನೂರಾರು ಸಸ್ಯನಾಮಗಳನ್ನು ಸಸ್ಯಶಾಸ್ತ್ರೀಯ ಗುರುತಿನೊಡನೆ ಕೊಟ್ಟಿತು. ಈ ಉಪಕಾರವನ್ನು ಯಾರೂ ಮರೆಯಲಾಗದು. ಆದರೂ ನಾಟ, ಬಣ್ಣ, ತೊಗಟೆಗಳಂತೆ ಬೆಲೆಯುಳ್ಳ ಸರಕಿನ ಕಡೆಗೆ ಈ ಪಟ್ಟಿಗಳ ಒಲವು ಹೆಚ್ಚು. ಹೆಸರನ್ನು ಹೇಳಿದವರು ಯಾರು, ಹೆಣ್ಣೋ ಗಂಡೋ, ಯಾವ ಕುಲದವರು, ಮನೆಯಲ್ಲಿ ಯಾವ ಮಾತಾಡುವವರು ಎಂಬುದು ಸಾಮಾನ್ಯವಾಗಿ ದಾಖಲಾಗಲಿಲ್ಲ. ಗಿಡಕ್ಕೆ ಊರು, ಹೆಸರು ದೊರೆತವು, ಬಲ್ಲವರಿಗೆ ದೊರೆಯಲಿಲ್ಲ.

5. ಗಣಿಯ ಕಾಲದ ಮದ್ದು

ಗಣಿಯು ಸಸ್ಯಜ್ಞಾನದ ಎರಡೂ ತುದಿಗಳನ್ನು ಅಲುಗಿಸಿತು. ಕೂಲಿಗೆ ಬಂದವರು ತಮ್ಮೂರಿನ ಹೆಸರುಗಳನ್ನು ತಂದರು, ಆದರೆ ತಮ್ಮೂರಿನ ಕಾಡನ್ನು ತರಲಿಲ್ಲ. ಹೊಲದ ಬದುವಿನಲ್ಲಿ ಕಿತ್ತುಕೊಳ್ಳುತ್ತಿದ್ದ ಸೊಪ್ಪನ್ನು ಅಂಗಡಿಯಲ್ಲಿ ಒಣಬೇರಾಗಿ ಕೊಳ್ಳಬೇಕಾಯಿತು. ಇಂತಹ ಅಂಗಡಿಯನ್ನು ಕನ್ನಡದಲ್ಲಿ ಗ್ರಂದಿಗೆ ಅಂಗಡಿ ಎನ್ನುತ್ತೇವೆ. ತಮಿಳರಿಗೆ ಅದು ನಾಟು ಮರುಂದು ಕಡೈ. ಗಂಧದ್ರವ್ಯ ಮಾರುವವನೆಂಬ ಅರ್ಥದ 'ಗಂಧಿಗ' ಎಂಬ ಹಳೆಯ ವೃತ್ತಿನಾಮವು 'ಗ್ರಂಥಿ'ಯ ಪ್ರಭಾವದಿಂದ ಗ್ರಂದಿಗೆಯಾಗಿರಬಹುದೆಂದು ನಾವು ಭಾವಿಸುತ್ತೇವೆ. ಕನ್ನಡದ ಪದ ವ್ಯಾಪಾರಿಯನ್ನು ನೆನೆಯುತ್ತದೆ, ತಮಿಳಿನ ಪದ ನಾಡಮದ್ದನ್ನು ನೆನೆಯುತ್ತದೆ. ಎದುರಿಗೆ ಗಣಿ ಕಂಪನಿಯ ಆಸ್ಪತ್ರೆಯ 'ಇಂಗ್ಲಿಷ್ ಮದ್ದು' ಇದ್ದುದರಿಂದಲೇ 'ನಾಡಮದ್ದು' ಎಂಬ ಬೇರೊಂದು ವರ್ಗ ಅರ್ಥಪೂರ್ಣವಾಯಿತು.

ಗಣಿಯ ದೊಡ್ಡ ಕಾಯಿಲೆ ಎದೆಗೂಡಿನದು. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದು ಕೋಲಾರದ ಚಿನ್ನದ ಗಣಿಗಳಿಂದ, 1947ರಲ್ಲಿ. ಕೆಮ್ಮಿಗೆ ಆಡುಸೋಗೆ ದಕ್ಷಿಣದ ಎಲ್ಲ ನುಡಿಗಳವರಿಗೂ ಪರಿಚಿತವಾದ ಮದ್ದು. ಅದರಲ್ಲಿರುವ ವಾಸಿಸಿನ್ ಎಂಬ ಸಸ್ಯಸಾರದ ಅಧ್ಯಯನದಿಂದಲೇ ಕಫ ಕರಗಿಸುವ ಬ್ರೋಮ್‌ಹೆಕ್ಸಿನ್ ಎಂಬ ಆಧುನಿಕ ಔಷಧಿ ರೂಪುಗೊಂಡಿತು. ಆದರೆ ಶ್ವಾಸಕೋಶದಲ್ಲಿ ಕೂತ ಬಂಡೆಯ ಧೂಳನ್ನು ಯಾವ ಸೊಪ್ಪೂ ತೆಗೆಯಲಾರದು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು; ಸೈನೈಡ್ ಬೆರೆತ ಮಣ್ಣಿನ ದಿಬ್ಬಗಳು ಉಳಿದವು. ಕೆಲಸ ಹುಡುಕಿ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವ ತಲೆಮಾರಿಗೆ ಸೊಪ್ಪು ಗುರುತಿಸಲು ಸಮಯವೂ ಕಡಿಮೆ, ನೆಲವೂ ಕಡಿಮೆ.

6. ಹೆಸರು ತಪ್ಪಿದರೆ

ಹೆಸರಿನ ಚರ್ಚೆ ಕೇವಲ ನಿಘಂಟಿನ ವಿಷಯವಲ್ಲ. 'ಬ್ರಾಹ್ಮಿ' ಎಂದು ಕೆಲವರು ಒಂದೆಲಗವನ್ನು ಕರೆಯುತ್ತಾರೆ, ಇನ್ನು ಕೆಲವರು ನೀರಬ್ರಾಹ್ಮಿಯನ್ನು. ಇವು ಬೇರೆ ಬೇರೆ ಕುಟುಂಬದ ಸಸ್ಯಗಳು. ಆಡುನುಡಿಯ 'ಒಂದೆಲಗ' ಎಂಬ ಪದ ಎಲೆಯ ರೂಪವನ್ನೇ ಹೇಳುವುದರಿಂದ ಅಲ್ಲಿ ಗೊಂದಲ ಕಡಿಮೆ. ಗೌರವದ ಸಂಸ್ಕೃತ ಹೆಸರು ಬಂದಾಗ ಗುರುತು ಮಸುಕಾಗುತ್ತದೆ.

ಹಾಗೆಂದು ಆಡುನುಡಿಯ ಹೆಸರು ಗುಣಕ್ಕೆ ಪ್ರಮಾಣಪತ್ರವಲ್ಲ. ಈಶ್ವರಿ ಬಳ್ಳಿಯ ಬೇರನ್ನು ಹಾವಿನ ವಿಷಕ್ಕೆ ಮದ್ದೆಂದು ಅನೇಕ ಸಮುದಾಯಗಳು ನಂಬಿವೆ. ಆ ಕುಲದ ಸಸ್ಯಗಳಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡವನ್ನು ಕೆಡಿಸುತ್ತದೆ, ಕ್ಯಾನ್ಸರ್‌ಗೂ ಕಾರಣವಾಗುತ್ತದೆ. ಹಾವು ಕಚ್ಚಿದವರಿಗೆ ಬೇಕಾದದ್ದು ಆಸ್ಪತ್ರೆಯ ಪ್ರತಿವಿಷ. ನೆಲನೆಲ್ಲಿಯ ಅನುಭವವೂ ಎಚ್ಚರ ಹೇಳುತ್ತದೆ. 1988ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಮದರಾಸಿನ ಅಧ್ಯಯನವು ಹೆಪಟೈಟಿಸ್ ಬಿ ವೈರಾಣುವಿನ ವಾಹಕರಲ್ಲಿ ಅದರಿಂದ ಗಣನೀಯ ಫಲ ಕಂಡಿತ್ತು; ನಂತರದ ಹಲವು ಅಧ್ಯಯನಗಳಲ್ಲಿ ಆ ಫಲ ಮರುಕಳಿಸಲಿಲ್ಲ. ಪ್ರಭೇದ ಯಾವುದು, ಎಲ್ಲಿ ಬೆಳೆದದ್ದು ಎಂಬ ಪ್ರಶ್ನೆಗಳು ಆ ಚರ್ಚೆಯ ಭಾಗವಾಗಿದ್ದವು. ಹೆಸರಿನ ನಿಖರತೆಯಿಲ್ಲದೆ ಪರೀಕ್ಷೆಯೂ ಸಾಧ್ಯವಿಲ್ಲ.

7. ಕಾನೂನಿನ ಕಣ್ಣಿನಲ್ಲಿ ಹೆಸರು

ಅರಿಸಿನ ಮತ್ತು ಬೇವಿನ ಮೇಲಿನ ವಿದೇಶಿ ಹಕ್ಕುಸ್ವಾಮ್ಯಗಳನ್ನು ಪ್ರಶ್ನಿಸಿದ ನಂತರ, 2001ರಲ್ಲಿ ಪಾರಂಪರಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ ಆರಂಭವಾಯಿತು. ಸಂಸ್ಕೃತ, ಅರಬ್ಬಿ, ಪಾರಸಿ, ಉರ್ದು, ತಮಿಳು ಮೊದಲಾದ ನುಡಿಗಳ ಗ್ರಂಥಗಳು ಅದರ ಆಕರ. ಬಾಯಿಮಾತಿನ ಜ್ಞಾನಕ್ಕಾಗಿ 2002ರ ಜೀವವೈವಿಧ್ಯ ಕಾಯ್ದೆಯಡಿ ಸ್ಥಳೀಯ ಸಮಿತಿಗಳು ಜನತಾ ಜೀವವೈವಿಧ್ಯ ದಾಖಲಾತಿಗಳನ್ನು ಸಿದ್ಧಪಡಿಸಬೇಕು. 2023ರ ತಿದ್ದುಪಡಿಯು ಗ್ರಂಥಸ್ಥ ಪಾರಂಪರಿಕ ಜ್ಞಾನದ ಬಳಕೆಗೆ ಲಾಭ ಹಂಚಿಕೆಯಿಂದ ವಿನಾಯಿತಿ ನೀಡಿದೆ. 1940ರ ಔಷಧಿ ಮತ್ತು ಪ್ರಸಾಧನ ಸಾಮಗ್ರಿ ಕಾಯ್ದೆಯ ಮೊದಲ ಅನುಸೂಚಿಯ ಪ್ರಮಾಣ ಗ್ರಂಥಗಳಿಂದ ಬಂದದ್ದೇ ಗ್ರಂಥಸ್ಥ ಜ್ಞಾನ ಎಂಬುದು ಅಲ್ಲಿನ ಅರ್ಥ.

ಇದರ ಪರಿಣಾಮವನ್ನು ಭಾಷಾವಿಜ್ಞಾನದ ವಿದ್ಯಾರ್ಥಿಗಳು ಬೇಗ ಗ್ರಹಿಸಬಲ್ಲರು. ಬಂಗಾರಪೇಟೆಯ ಹಳ್ಳಿಯೊಂದರ ಅಜ್ಜಿ ನೆಲನೆಲ್ಲಿ ಎಂದು ತೋರಿಸಿದ ಗಿಡವನ್ನು ದಾಖಲೆಗಾರ ಭೂಮ್ಯಾಮಲಕಿ ಎಂದಷ್ಟೇ ಬರೆದುಕೊಂಡರೆ, ಅದು ಗ್ರಂಥದ ಸೊತ್ತಾಗಿ ಕಾಣುತ್ತದೆ. ಗ್ರಂಥದಲ್ಲಿ ಇಲ್ಲದ ಬಳಕೆಯೊಂದನ್ನು ಆಕೆ ಹೇಳಿದ್ದರೂ, ಆ ಬಳಕೆಯನ್ನು ಆಕೆಯ ಸಮುದಾಯದೊಡನೆ ಕಟ್ಟಿಡುವ ದಾರವಾಗಿದ್ದ ಹೆಸರು ಕಡತದಲ್ಲಿಲ್ಲ. ಅನುವಾದದ ಒಂದು ಸಣ್ಣ ಆಯ್ಕೆ ಇಲ್ಲಿ ಹಕ್ಕಿನ ಪ್ರಶ್ನೆಯಾಗುತ್ತದೆ.

8. ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ಈ ಸೀಮೆಯ ಸಸ್ಯನಾಮಗಳು ಒಂದೇ ಮೂಲದಿಂದ ಇಳಿದು ಬಂದವಲ್ಲ. ನೆರೆಹೊರೆಯ ನುಡಿಗಳು ಶತಮಾನಗಳ ಕಾಲ ಕೂಡಿ ಕಟ್ಟಿದವು. ಎರಡು, ಬರಹದ ಪರಂಪರೆಗಳು ಗಿಡವನ್ನು ಗುರುತಿಸಿದಷ್ಟು ಬಲ್ಲವರನ್ನು ಗುರುತಿಸಲಿಲ್ಲ. ಮೂರು, ಹೆಸರನ್ನು ಬದಲಿಸುವುದು ಒಡೆತನವನ್ನು ಬದಲಿಸಬಲ್ಲದು.

ಆದ್ದರಿಂದ ಜನತಾ ದಾಖಲಾತಿಯ ಪ್ರತಿಯೊಂದು ನಮೂದಿನಲ್ಲಿ ಆಡಿದ ಹೆಸರು ಆಡಿದಂತೆಯೇ ಇರಬೇಕು: ಯಾವ ನುಡಿಯಲ್ಲಿ, ಯಾವ ಊರಿನಲ್ಲಿ, ಯಾವ ಸಮುದಾಯದವರು, ಅವರ ಒಪ್ಪಿಗೆಯ ಮೇರೆಗೆ. ನೆರೆನುಡಿಯ ಹೆಸರುಗಳು ಅದರ ಪಕ್ಕದಲ್ಲಿ ನಿಲ್ಲಲಿ. ಸಂಸ್ಕೃತ, ಲ್ಯಾಟಿನ್ ಹೆಸರುಗಳು ಅದರ ನಂತರ ಬರಲಿ. ಸಸ್ಯಶಾಸ್ತ್ರಜ್ಞರು ಗಿಡದ ಮಾದರಿಯನ್ನು ಕಾಯ್ದಿಡುವಂತೆ, ಭಾಷಾವಿಜ್ಞಾನಿಗಳು ಉಚ್ಚಾರಣೆಯ ಧ್ವನಿಮುದ್ರಿಕೆಯನ್ನು ಕಾಯ್ದಿಡಬೇಕು. ಈ ಕೆಲಸಕ್ಕೆ ರಾಬರ್ಟ್‌ಸನ್‌ಪೇಟೆಯಂತಹ ನಾಲ್ಕು ನುಡಿಗಳ ಪೇಟೆಗಿಂತ ತಕ್ಕ ಜಾಗ ವಿರಳ. ಚಿನ್ನದ ತಿಳಿವಳಿಕೆ ಬರಹಕ್ಕೆ ಬಂದಾಗ ಅದನ್ನು ತೊಳೆದು ತೋರಿಸಿದವರ ಹೆಸರು ಉಳಿಯಲಿಲ್ಲ. ಗಿಡದ ತಿಳಿವಳಿಕೆಯ ವಿಷಯದಲ್ಲಿ ಆ ಅವಕಾಶ ಇನ್ನೂ ಪೂರ್ತಿ ಕೈಬಿಟ್ಟಿಲ್ಲ.